ಸ್ಪಷ್ಟನೆ: ‘48 ಮೆಗಾಪಿಕ್ಸೆಲ್’ ಎಂದ ಮಾತ್ರಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ

“ಆನೆಗುಂದಿ, ಇಟಗಿ ಸುತ್ತಲು ಹೋಗೋರು 48 ಮೆಗಾಪಿಕ್ಸೆಲ್‌ನ ಹಗುರ ಕ್ಯಾಮೆರಾನೇ ತಗೊಳ್ಳಿ, 20ರದ್ದು ಹಳೇದಾಯ್ತು” ಎಂಬ ಸಂದೇಶ ಕೊಪ್ಪಳ, ಗಂಗಾವತಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಲೆಕ್ಕವೇ ತಪ್ಪು.

12×8 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯಂತೆ 3600×2400, ಅಂದರೆ ಸುಮಾರು 8.6 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ) ಸಾಕು. ತೀರಾ ಅಗ್ಗದ ಕ್ಯಾಮೆರಾಗಳಲ್ಲಿ ಈ 48 ಎಂಬುದು ಬಹಳ ಸಲ ಬೆಳಕು ಹಿಡಿಯುವ ಚಿಪ್ ಆದ ಸೆನ್ಸರ್‌ನ ನಿಜ ಸಂಖ್ಯೆಯೇ ಅಲ್ಲ. ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿದ್ದು. ಫೈಲ್ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ.

ನೋಡಬೇಕಾದದ್ದು ಸೆನ್ಸರ್ ಅಳತೆ. ‘1/2.3 ಇಂಚು’ ಎಂದರೆ ಸುಮಾರು 6.2×4.6 ಮಿ.ಮೀ. ‘1 ಇಂಚು’ ಎಂದರೆ 13.2×8.8 ಮಿ.ಮೀ. (ಹೆಸರಿಗಷ್ಟೇ ಇಂಚು, ಅಳೆದರೆ ಅಷ್ಟಿರುವುದಿಲ್ಲ). ವಿಸ್ತೀರ್ಣ ನಾಲ್ಕು ಪಟ್ಟು, ಬೀಳುವ ಬೆಳಕೂ ಅಷ್ಟೇ ಹೆಚ್ಚು. 1112ರ ಇಟಗಿ ಮಹಾದೇವ ದೇವಾಲಯದ ಒಳಗಿನ ಮಬ್ಬಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಸಂಖ್ಯೆ) 1600 ದಾಟಿದರೆ ಸಣ್ಣ ಸೆನ್ಸರ್ ಕಂಬದ ಕುಸುರಿಯನ್ನೆಲ್ಲ ಮೇಣ ಬಳಿದಂತೆ ನುಣುಪಾಗಿಸಿಬಿಡುತ್ತದೆ. 1 ಇಂಚಿನದ್ದು ಭಾರವೇನಲ್ಲ: ಸೋನಿ ಆರ್‌ಎಕ್ಸ್100ರ ಮೊದಲ ಮಾದರಿ 20 ಮೆಗಾಪಿಕ್ಸೆಲ್, ತೂಕ 240 ಗ್ರಾಂ.

‘16 ಎಕ್ಸ್ ಡಿಜಿಟಲ್ ಜೂಮ್’ ನಂಬಬೇಡಿ, ಅದು ಬರೀ ಕತ್ತರಿಸಿ ಹಿಗ್ಗಿಸುವುದು. ಲೆನ್ಸ್ ಸುತ್ತ ಬರೆದ ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ, 10.4–37.1 ಇದ್ದರೆ ನಿಜವಾದ ಜೂಮ್ ಸುಮಾರು 3.6 ಪಟ್ಟು.

ಸಂದೇಶದಲ್ಲಿಲ್ಲದ ಇನ್ನೊಂದು ಮಾತು: ಹೆಚ್ಚಿನ ಕೈಪಿಡಿಗಳಲ್ಲಿ ಬಳಕೆಯ ಮಿತಿ 40 ಡಿಗ್ರಿ. ರಾಯಚೂರಿನ ಮೇ ಬಿಸಿಲು ಅದನ್ನು ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಕ್ಯಾಮೆರಾ ಬಿಡಬೇಡಿ, ಬ್ಯಾಟರಿ ಉಬ್ಬೀತು.