ಲ್ಯಾಚ್ ನೋಡಿ ಹ್ಯಾಂಡಲ್ ಹಿಡೀಬೇಡಿ

ಬಟರ್‌ಫ್ಲೈ ನೈಫ್ (ಎರಡು ಹ್ಯಾಂಡಲ್ ತಿರುಗಿ ಬ್ಲೇಡನ್ನ ಒಳಗೆ ಮುಚ್ಚೋ ಚಾಕು) ಬಗ್ಗೆ ಒಂದು ಮಾತು ಓಡಾಡ್ತಿದೆ, 'ಲ್ಯಾಚ್ (ಹ್ಯಾಂಡಲ್ ಎರಡನ್ನೂ ಸೇರಿಸಿ ಹಿಡಿಯೋ ಕೊಂಡಿ) ಇರೋದೇ ಬೈಟ್ ಹ್ಯಾಂಡಲ್ (ಹಿಡ್ಕೊಂಡು ತಿರುಗಿಸಿದ್ರೆ ಬೆರಳು ಕುಯ್ಯೋದು), ಇನ್ನೊಂದು ಹಿಡ್ಕೊಂಡ್ರೆ ಬೆರಳು ಸೇಫ್' ಅಂತ. ಇದನ್ನ ನಂಬ್ಕೋಬೇಡಿ. ತುಂಬಾ ಮಾಡೆಲ್‌ಗಳಲ್ಲಿ ಹಾಗೇ ಇರುತ್ತೆ ನಿಜ, ಆದ್ರೆ ಕೆಲವಕ್ಕೆ ಲ್ಯಾಚ್ ಸೇಫ್ ಹ್ಯಾಂಡಲ್‌ನಲ್ಲಿರುತ್ತೆ, ಕೆಲವಕ್ಕೆ ಲ್ಯಾಚೇ ಇರಲ್ಲ, ಸೆಕೆಂಡ್ಸ್‌ನಲ್ಲಿ ತಗೊಂಡಿದ್ರಂತೂ ಹಿಂದಿನೋರು ಪಿವಟ್ ಸ್ಕ್ರೂ ಬಿಚ್ಚಿ ಬ್ಲೇಡ್ ಉಲ್ಟಾ ಕೂರಿಸಿರ್ಲೂಬಹುದು. ನಿಧಾನಕ್ಕೆ ಮುಚ್ಚಿ ನೋಡಿ, ಅಲಗಿನ ಬಾಯಿ ಯಾವ ಹ್ಯಾಂಡಲ್ ಒಳಗೆ ಹೋಗುತ್ತೋ ಅದೇ ಬೈಟ್, ಬೆನ್ನು ಹೋಗೋದು ಸೇಫ್. ಟ್ರಿಕ್ ಕಲಿಯೋಕೆ ಹರಿತ ಇಲ್ಲದ ಟ್ರೈನರ್ ಸಾಕು, ದಯವಿಟ್ಟು ಅದನ್ನೇ ತಗೊಳ್ಳಿ. ಇನ್ನು ಇಂಗ್ಲೆಂಡಲ್ಲಿರೋ ನಮ್ಮೋರಿಗೆ, ಅಲ್ಲಿ ಹರಿತ ಇರೋದರ ಮಾರಾಟ 1988ರಿಂದಲೇ ಬ್ಯಾನ್, 2021ರಿಂದ ಮನೇಲಿ ಇಟ್ಕೊಂಡ್ರೂ ಕೇಸ್ ಆಗುತ್ತೆ.