ಸರ್ವ ಮನೆಗಳಿಗೂ ಮನುಷ್ಯ ಯೋಜನೆ

ನಮ್ಮ ಎದುರಿನ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಒಂದು ಮನೆಯಿದೆ. ಗೃಹಪ್ರವೇಶದ ದಿನ ಹಾಲು ಉಕ್ಕಿದ್ದೇ ಕೊನೆ, ಆಮೇಲೆ ಅಲ್ಲಿ ಏನೂ ಬೆಂದಿಲ್ಲ. ಒಡೆಯರು ವಿದೇಶದಲ್ಲಿದ್ದಾರೆ. ಆದರೂ ಮನೆಗೆ ಯಾವ ಕೊರತೆಯೂ ಇಲ್ಲ. ನಲ್ಲಿಯಲ್ಲಿ ಕಾವೇರಿ ನೀರಿದೆ. ಕಾವಲುಗಾರ ದಿನವೂ ಸಂಜೆ ಹತ್ತಿಹೋಗಿ ಹಾಲ್‌ನ ದೀಪ ಹಾಕಿ ಬರುತ್ತಾನೆ. ಶುಕ್ರವಾರ ಅವನ ಹೆಂಡತಿ ದೇವರ ಮುಂದೆ ಹಣತೆ ಹಚ್ಚಿ, ಬಾಲ್ಕನಿಯ ತುಳಸಿಗೆ ನೀರೆರೆಯುತ್ತಾಳೆ. ಮನೆಗೆ ಬೇಸರವಾಗಬಾರದಲ್ಲ!

ಗಂಡ, ಹೆಂಡತಿ, ಎರಡು ಮಕ್ಕಳು ವಾಸವಿರುವುದು ಕೆಳಗೆ, ಜನರೇಟರ್ ಪಕ್ಕದ ತಗಡಿನ ಶೆಡ್ಡಿನಲ್ಲಿ.

2011ರ ಜನಗಣತಿಯ ಲೆಕ್ಕದಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ. ಮರುವರ್ಷವೇ ಕೇಂದ್ರ ಸರ್ಕಾರದ ತಜ್ಞರ ತಂಡ ಕೂತು ಅದೇ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳು ಸಾಲದು ಎಂದು ಹೇಳಿತು. ಸಾಲದು ಎಂದರೆ ಎಲ್ಲರೂ ಬೀದಿಯಲ್ಲಿದ್ದಾರೆಂದಲ್ಲ. ಬಹುಪಾಲು ಮಂದಿ ಒಂದೇ ಕೋಣೆಯಲ್ಲಿ ಮೈಗೆ ಮೈ ತಾಗಿಸಿ ಮಲಗುವವರು. 2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು: 2022ರೊಳಗೆ ಎಲ್ಲರಿಗೂ ಸೂರು. 2022 ತನ್ನ ಪಾಡಿಗೆ ತಾನು ಬಂದು ಹೋಯಿತು. ಗಡುವು 2024ರ ಡಿಸೆಂಬರ್‌ಗೆ ಜಾರಿತು. ಅದು ಮುಗಿಯುವ ಮುನ್ನವೇ, ಚೆನ್ನಾಗಿ ಓಡಿದ ಸಿನಿಮಾಕ್ಕೆ ಮಾಡುವಂತೆ, ಎರಡನೆಯ ಭಾಗವನ್ನೂ ಬಿಡುಗಡೆ ಮಾಡಿದರು.

ನಮ್ಮ ಕಾವಲುಗಾರನಿಗೂ ಆಸೆಯಾಯಿತು. ಅರ್ಜಿ ತುಂಬಿಕೊಡಲು ಕೂತವನು ನಾನೇ. ಬಡವರ ಮನೆಗೆ 30 ಚದರ ಮೀಟರ್ ಎಂದು ಓದಿದೆ. ಆ ನಾಲ್ಕನೆಯ ಮಹಡಿಯ ಹಾಲ್ ಅಷ್ಟಿದೆಯೇ ಎಂದು ಕೇಳಿದ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಭಾರತದ ಯಾವ ಮೂಲೆಯಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಕೂಡದು. ಇದೆಯಲ್ಲ! ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ, ಅವನ ಹೆಂಡತಿಯ ಹೆಸರಿನಲ್ಲಿ, ಸರ್ಕಾರವೇ ಕಟ್ಟಿಸಿಕೊಟ್ಟದ್ದು. ಮಳೆ ಕೈಕೊಟ್ಟ ವರ್ಷ ಅದಕ್ಕೆ ಬೀಗ ಹಾಕಿ ರಾತ್ರಿ ಬಸ್ಸು ಹತ್ತಿದ್ದರು. ಅಂದರೆ ಕಡತದ ಪ್ರಕಾರ ಆತ ಸೂರುಳ್ಳವನು, ಗೃಹಸ್ಥ. ಅವನ ಖಾಲಿ ಮನೆಯನ್ನು ಕಾಯುವವರಿಲ್ಲ, ಅವನು ಇನ್ನೊಬ್ಬರ ಖಾಲಿ ಮನೆ ಕಾಯುತ್ತಿದ್ದಾನೆ.

ವಲಸೆ ಬಂದವರನ್ನು ಸರ್ಕಾರ ಪೂರ್ತಿ ಮರೆತಿತ್ತು ಎನ್ನುವುದು ತಪ್ಪಾದೀತು. 2020ರ ಬೇಸಿಗೆಯಲ್ಲಿ ಅವರು ಹೆದ್ದಾರಿಯುದ್ದಕ್ಕೂ ನಡೆದು ತೋರಿಸಿದ ಮೇಲೆ ನೆನಪಾಯಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನೇ ಬಾಡಿಗೆಗೆ ಕೊಡುವ ಯೋಜನೆ ಆ ಜುಲೈನಲ್ಲಿ ಬಂತು. ಬಡವರಿಗೆಂದು ಕಟ್ಟಿದ ಮನೆಗಳು ಖಾಲಿ ಉಳಿದದ್ದಾದರೂ ಹೇಗೆ ಎಂದು ಕೇಳಬೇಡಿ. ಮನೆ ಒಂದು ಕಡೆ, ಕೂಲಿ ಒಂದು ಕಡೆ.

ಆದ್ದರಿಂದ ನನ್ನದೊಂದು ಸವಿನಯ ಸಲಹೆ. ಮನುಷ್ಯರಿಗೆ ಮನೆ ಹುಡುಕಿ ಸಾಕಾಯಿತು, ಇನ್ನು ಮನೆಗಳಿಗೆ ಮನುಷ್ಯರನ್ನು ಹುಡುಕೋಣ. ಫಲಾನುಭವಿಯಾದ ಮನೆ ತನ್ನೊಳಗೆ ಭಾರತದ ಯಾವ ಭಾಗದ ಮನುಷ್ಯನೂ ಇಲ್ಲವೆಂದು ಪ್ರಮಾಣಪತ್ರ ಸಲ್ಲಿಸಲಿ. ಸಾಮಾಜಿಕ ಒಳಗೊಳ್ಳುವಿಕೆ ಎಂಬ ಬಾಯಿ ತುಂಬುವ ಮಾತಿಗೂ ಆಗ ಒಂದು ವಿಳಾಸ ಸಿಗುತ್ತದೆ: ನಾಲ್ಕನೆಯ ಮಹಡಿ, ಎಡಗಡೆಯ ಬಾಗಿಲು.

ಮೊನ್ನೆ ನಡುರಾತ್ರಿ ಮಳೆ ಹೊಡೆಯಿತು. ಕಾವಲುಗಾರ ಟಾರ್ಚ್ ಹಿಡಿದು ಮೊದಲು ಮೇಲಕ್ಕೆ ಓಡಿ, ಆ ಮನೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಭದ್ರಪಡಿಸಿದ. ಅಕ್ಕಿಯ ಚೀಲವನ್ನು ಮಂಚದ ಮೇಲಿಡಲು ಶೆಡ್ಡಿಗೆ ಬಂದದ್ದು ಆಮೇಲೆ.