20 ಗಿಟಾರ್, 120 ತಂತಿ

ಗಿಟಾರಿಗೆ ಆರು ತಂತಿ. ನನ್ನ ಕ್ಲಾಸಿನಲ್ಲಿ 20 ಗಿಟಾರ್. ಅಂದರೆ ಪಾಠಕ್ಕೆ ಮೊದಲು 120 ತಂತಿ ಶ್ರುತಿಗೆ ಬರಬೇಕು. ಪೀರಿಯಡ್ ಇರುವುದು 40 ನಿಮಿಷ. ತಂತಿಗೆ 20 ಸೆಕೆಂಡ್ ಅಂತ ಹಿಡಿದರೂ ಶ್ರುತಿ ಮುಗಿಯುವುದಕ್ಕೂ ಬೆಲ್ ಹೊಡೆಯುವುದಕ್ಕೂ ಸರಿಹೋಗುತ್ತದೆ.

ಹಾಗಾಗಿ ಟ್ಯೂನರನ್ನು ಮಕ್ಕಳ ಕೈಗೇ ಕೊಡುತ್ತೇನೆ. ತಂತಿಯ ನಡುಕ ಹಿಡಿದು ಅದು ಸ್ವರ ತೋರಿಸುತ್ತದೆ. ಯಾವ ಬಿರಡೆ ತಿರುಗಿಸಬೇಕು ಅಂತ ಮಾತ್ರ ಹೇಳುವುದಿಲ್ಲ. ಹುಡುಗ ಮೀಟುವುದು ನಾಲ್ಕನೇ ತಂತಿ, ತಿರುಗಿಸುವುದು ಮೂರನೆಯದರ ಬಿರಡೆ. ಎರಡೂ ಎದುರುಬದುರು ಇರುತ್ತವೆ, ಪಾಪ. ಟ್ಯೂನರಿನ ಮುಳ್ಳು ಅಲ್ಲಾಡುವುದಿಲ್ಲ. ಇನ್ನೂ ತಿರುಗಿಸುತ್ತಾನೆ. ಆಮೇಲೆ ಠಪ್!

"ಸರ್, ತಾನಾಗೇ ಕಿತ್ತೋಯ್ತು."

ಹೊಸ ತಂತಿ ಹಾಕಿದರೆ ಅದು ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಇಳಿಯುತ್ತಲೇ ಇರುತ್ತದೆ.

ಅಷ್ಟರಲ್ಲಿ ಯಾರದೋ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಗಿಟಾರಿನ ತೂತಿನೊಳಗೆ ಬೀಳುತ್ತದೆ. ಆಗ ಇಡೀ ಕ್ಲಾಸಿಗೆ ಹುರುಪು. ಗಿಟಾರ್ ತಲೆಕೆಳಗಾಗುತ್ತದೆ, ನಾಲ್ಕು ಜನ ಹಿಡಿದು ಅಲ್ಲಾಡಿಸುತ್ತಾರೆ. ಒಮ್ಮೆ ಹೀಗೆ ಅಲ್ಲಾಡಿಸಿದಾಗ ಮೊದಲು ಪೆನ್ಸಿಲ್ ತುಂಡು ಬಿತ್ತು. ಆಮೇಲೆ ರಬ್ಬರ್. ಆಮೇಲೆ ಮನೆಯವರ ಸಹಿ ಆಗಬೇಕಿದ್ದ ಗಣಿತದ ಟೆಸ್ಟ್ ಪೇಪರ್, ನೀಟಾಗಿ ಮಡಚಿದ್ದು. ಪಿಕ್ ಮಾತ್ರ ಬರಲಿಲ್ಲ.

ಇನ್ನು ಕಲಿಕೆಯ ಮಟ್ಟ. ಮುಂದಿನ ಸಾಲಿನಲ್ಲಿ ಗಿಟಾರನ್ನು ಇವತ್ತಷ್ಟೇ ಮುಟ್ಟಿದವರು. ಮಧ್ಯದವರಿಗೆ ನಾಲ್ಕಾರು ಕಾರ್ಡ್ (ಒಟ್ಟಿಗೇ ಮೀಟುವ ಸ್ವರಗಳ ಗುಂಪು) ಬರುತ್ತವೆ. ಎಫ್ ಕಾರ್ಡ್ ಬಂದ ಕೂಡಲೇ ಅವರಿಗೆಲ್ಲ ಒಟ್ಟಿಗೇ ನೀರು ಕುಡಿಯಲು ಹೋಗಬೇಕಾಗುತ್ತದೆ. ತೋರುಬೆರಳೊಂದನ್ನೇ ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತುವುದು ಅಂದ್ರೆ ಸುಮ್ನೆ ಅಲ್ಲ. ಕೊನೆಯ ಸಾಲಿನಲ್ಲಿ ಒಬ್ಬ ಮಹಾರಾಯ ಇದ್ದಾನೆ. ಮನೆಯಲ್ಲೂ ಪಾಠ ಹೇಳಿಸಿಕೊಳ್ಳುತ್ತಾನೆ. ನಾನು ಬಾಯಿ ತೆರೆದರೆ ಸಾಕು, ಅವನ ಬೆರಳು ಹನ್ನೆರಡನೇ ಫ್ರೆಟ್ಟಿನ (ಗಿಟಾರಿನ ಹಿಡಿಯ ಮೇಲಿನ ಅಡ್ಡಪಟ್ಟಿಯ) ಆಚೆ ಓಡಾಡಲು ಶುರು.

ಮೂರು ಗುಂಪಿಗೆ ಮೂರು ಪಾಠ ಮಾಡಿದರೆ ಎರಡು ಗುಂಪು ಜಗಳಕ್ಕೆ ಖಾಲಿ ಇರುತ್ತವೆ. ಅದಕ್ಕೇ ಎಲ್ಲರಿಗೂ ಒಂದೇ ಹಾಡು, ಕೆಲಸ ಮಾತ್ರ ಬೇರೆ ಬೇರೆ. ಮಧ್ಯದವರು ಆರೂ ತಂತಿಯ ಕಾರ್ಡ್ ಹಿಡಿಯಲಿ. ಹೊಸಬರಿಗೆ ಕೆಳಗಿನ ಮೂರು ಸಣ್ಣ ತಂತಿ ಸಾಕು. ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿದರೆ ಸಿ ಕಾರ್ಡ್. ಅದನ್ನು ಬಿಟ್ಟು ಒಂದನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ. ಏನೂ ಒತ್ತದಿದ್ದರೆ ಇ ಮೈನರ್! ಗಿಟಾರ್ ಕಂಡುಹಿಡಿದವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಇಲ್ಲಿ.

ಮಹಾರಾಯನಿಗೆ ತಾಳ ಕೊಟ್ಟೆ. ಟಕ್ ಟಕ್ ಅಂತ ಲಯ ಹೇಳುವ ಮೆಟ್ರೊನೋಮ್ 60ಕ್ಕೆ ಇಟ್ಟೆ, ಸೆಕೆಂಡಿಗೆ ಒಂದು ಏಟು. ಏಟಿಗೆ ಒಂದೇ ಸಲ ಮೀಟಬೇಕು, ಅಷ್ಟೇ. ನಾಲ್ಕು ಏಟು ಸರಿ ಇತ್ತು. ಐದನೆಯದಕ್ಕೆ ಅವನು ಮುಂದೆ ಹೋದ. ಹತ್ತನೆಯದಕ್ಕೆ ನಾವ್ಯಾರೂ ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಡು ಮುಗಿಸಿ ಕೈಕಟ್ಟಿ ಕೂತ. ನಾವು ಬಂದು ಸೇರಿದ ಮೇಲೆ ಎದ್ದು ನಿಂತು ದೂರು ಹೇಳಿದ:

"ಸರ್, ಮೆಟ್ರೊನೋಮ್ ಹಿಂದೆ ಬೀಳ್ತಿದೆ."

ಏನೂ ಬಾರದವರಿಂದ ನನಗೆ ತೊಂದರೆಯೇ ಇಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳಿಗೆ ಇ ಮೈನರ್ ಮಾತ್ರ ವಹಿಸಿದ್ದೆ. ಉಳಿದ ಹೊತ್ತು ಬಾಯಲ್ಲೇ ಎಣಿಸುತ್ತಾ ಕಾಯುತ್ತಾಳೆ. ತನ್ನ ಸರದಿ ಬಂದಾಗ ಸರಿಯಾಗಿ ಮೀಟುತ್ತಾಳೆ. ಬೆರಳು ನೋಯ್ತಿದೆ ಅಂತ ಎಲ್ಲರೂ ಗೋಳಾಡುವಾಗ ಇವಳು ಮಾತ್ರ, "ನಂಗೆ ಒಂಚೂರೂ ನೋವಿಲ್ಲ ಸರ್, ಅಭ್ಯಾಸ ಆಗ್ಬಿಟ್ಟಿದೆ" ಅಂದಳು.

ಮುಂದಿನ ವಾರ ಹೊಸ ಹುಡುಗನೊಬ್ಬ ಸೇರಿದ. ನಾನು ತಂತಿ ಕಟ್ಟುವುದರಲ್ಲಿದ್ದೆ. ಅವಳೇ ಹೋಗಿ ಅವನ ಪಕ್ಕ ಕೂತು ಪಾಠ ಶುರು ಮಾಡಿದಳು.

"ಮೊದ್ಲು ಆ ಕೈ ತೆಗಿ. ಪೂರ್ತಿ ತೆಗಿ. ಹ್ಞಾಂ, ಇದು ಇ ಮೈನರ್. ಕಷ್ಟ ಇದೆ, ದಿನಾ ಪ್ರಾಕ್ಟೀಸ್ ಮಾಡ್ಬೇಕು."